ನಿಮಗಿದು ಗೊತ್ತೇ? ಯಾವುದು ಮೊದಲು, ಯಾವುದು ಆಮೇಲೆ?

ಆದಿಕವಿ ಪಂಪ ಜೀವಮಾನದಲ್ಲಿ ಒಮ್ಮೆಯೂ ಮೆಣಸಿನಕಾಯಿ ತಿಂದವನಲ್ಲ. ಬಸವಣ್ಣ, ಅಕ್ಕಮಹಾದೇವಿ, ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನ ಯಾರೂ ಅದರ ರುಚಿ ಕಂಡಿರಲಿಲ್ಲ. ಅವರ ಕಾಲದ ಅಡುಗೆಮನೆಯಲ್ಲಿ ಖಾರ ಎಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್ 1492ರಲ್ಲಿ ಆ ದಿಕ್ಕಿಗೆ ಹೋಗಿ, ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿದ ಮೇಲೆಯೇ ಅದು ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದದ್ದು. ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ, ಕಡಲೆಕಾಯಿ, ಗೋಡಂಬಿ, ಪರಂಗಿಹಣ್ಣು, ಸೀಬೆ, ಅನಾನಸ್, ಸಪೋಟ ಇವೆಲ್ಲವೂ ಅದೇ ಖಂಡದಿಂದ ಬಂದವು. ಇಂದಿನ ಮದುವೆ ಊಟದ ಎಲೆಯಿಂದ ಇವಿಷ್ಟನ್ನೂ ತೆಗೆದರೆ ಪಲ್ಯ, ಸಾರು, ಚಟ್ನಿಗಳಲ್ಲಿ ಅರ್ಧಕ್ಕರ್ಧ ಖಾಲಿಯಾದೀತು.

ಶಾಲೆಯಲ್ಲಿ ನಾವು ಚರಿತ್ರೆಯನ್ನು ದೇಶಕ್ಕೊಂದು ಪಾಠವಾಗಿ, ವಿಜ್ಞಾನವನ್ನು ಬೇರೆಯದೇ ಪುಸ್ತಕವಾಗಿ ಓದಿದವರು. ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮಗೆ ಬರಲೇ ಇಲ್ಲ. ಇಟ್ಟು ನೋಡಿದರೆ ಎಷ್ಟು ಬೆರಗು ಸಿಗುತ್ತದೆ ಎಂಬುದಕ್ಕೆ ಮೆಣಸಿನಕಾಯಿಯ ತವರನ್ನೇ ನೋಡಿ. ಮೆಕ್ಸಿಕೊದ ಆಜ್ಟೆಕರು ತಮ್ಮ ರಾಜಧಾನಿ ಟೆನೊಚ್ಟಿಟ್ಲಾನನ್ನು ಕಟ್ಟಿದ್ದು ಪ್ರಚಲಿತ ಲೆಕ್ಕದಂತೆ 1325ರಲ್ಲಿ. ವಿಜಯನಗರ ಹುಟ್ಟಿದ್ದು 1336ರಲ್ಲಿ. ನಡುವೆ ಬರೀ ಹನ್ನೊಂದು ವರ್ಷ! 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದುಕೊಂಡ. ಅದರ ಮರುವರ್ಷವೇ ಸ್ಪೇನಿನ ಕೋರ್ಟೆಸ್ ಟೆನೊಚ್ಟಿಟ್ಲಾನನ್ನು ನೆಲಸಮ ಮಾಡಿದ. ಒಂದು ರಾಜಧಾನಿ ವೈಭವದ ತುದಿಯಲ್ಲಿದ್ದಾಗ ಇನ್ನೊಂದು ಉರಿದುಹೋಯಿತು. ಒಂದರ ಸುದ್ದಿ ಇನ್ನೊಂದಕ್ಕೆ ಆಗ ತಲುಪಿರಲಾರದು. 1509ರಲ್ಲಿ ರಾಯನಿಗೆ ಪಟ್ಟವಾದಾಗ ರೋಮಿನಲ್ಲಿ ಮೈಕೆಲಾಂಜೆಲೊ ಸಿಸ್ಟೀನ್ ಚಾಪೆಲಿನ ಚಾವಣಿಗೆ ಚಿತ್ರ ಬರೆಯುತ್ತಿದ್ದ.

ಈ ಎರಡು ಸಾಮ್ರಾಜ್ಯಗಳಿಗಿಂತಲೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹಳೆಯದು. 1096ರ ಹೊತ್ತಿಗಾಗಲೇ ಅಲ್ಲಿ ಪಾಠ ನಡೆಯುತ್ತಿತ್ತು. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಹಿಂದೂ ಕಾನೂನಿನ ವಿಷಯದಲ್ಲಿ ನ್ಯಾಯಾಲಯಗಳು ಇಂದಿಗೂ ಹೆಸರಿಸುವ 'ಮಿತಾಕ್ಷರ'ವನ್ನು ವಿಜ್ಞಾನೇಶ್ವರ ಬರೆದದ್ದು ಅವನ ಆಶ್ರಯದಲ್ಲೇ.

ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಪಿರಮಿಡ್ಡುಗಳ ಕಾಲದವಳೆಂದು ಬಹಳ ಜನ ತಿಳಿದಿದ್ದಾರೆ. ಗೀಜಾದ ಮಹಾ ಪಿರಮಿಡ್ ಕ್ರಿ.ಪೂ. 2560ರ ಸುಮಾರಿನದು. ಕ್ಲಿಯೋಪಾತ್ರ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಕ್ರಿ.ಶ. 1969ರಲ್ಲಿ. ಕೂಡಿಸಿ ಕಳೆದು ನೋಡಿ: ಅವಳಿಗೆ ಪಿರಮಿಡ್ಡಿಗಿಂತ ಚಂದ್ರಯಾನವೇ ಹತ್ತಿರ. ಆ ಪಿರಮಿಡ್ ಏಳುತ್ತಿದ್ದಾಗ, ಹರಪ್ಪ ಮೊಹೆಂಜೊದಾರೊಗಳಲ್ಲಿ ಇಟ್ಟಿಗೆಯ ಚರಂಡಿಗಳು ಹರಿಯುತ್ತಿದ್ದಾಗ, ಸೈಬೀರಿಯದ ಉತ್ತರಕ್ಕಿರುವ ರ‍್ಯಾಂಗೆಲ್ ದ್ವೀಪದಲ್ಲಿ ಮ್ಯಾಮತ್ ಎಂಬ ಉಣ್ಣೆಮೈಯ ಆನೆಗಳು ಇನ್ನೂ ಬದುಕಿದ್ದವು. ಅಲ್ಲಿನ ಕಡೆಯ ಮ್ಯಾಮತ್ ಅಳಿದು ಸುಮಾರು ನಾಲ್ಕು ಸಾವಿರ ವರ್ಷವಾಗಿದೆ, ಅಷ್ಟೇ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬೆಂಗಳೂರಿನ ಲಾಲ್‌ಬಾಗ್ ಸಾಕು. ಕೆಂಪೇಗೌಡರ ಹೆಸರಿನ ಗೋಪುರ ಹೊತ್ತು ನಿಂತಿರುವ ಆ ಬಂಡೆಯ ಮೇಲೆ ದಿನಾ ಸಾವಿರಾರು ಜನ ಹತ್ತಿ ಇಳಿಯುತ್ತಾರೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ! ಅದು ರೂಪುಗೊಂಡಾಗ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲವೆನ್ನಬೇಕು. ಸಮುದ್ರದ ಸೂಕ್ಷ್ಮಜೀವಿಗಳು ಬಿಸಿಲು ಉಂಡು ಆಮ್ಲಜನಕ ಬಿಡುತ್ತಾ ಬಿಡುತ್ತಾ, ಅದು ವಾತಾವರಣದಲ್ಲಿ ನಿಲ್ಲುವಷ್ಟು ಆದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಹಿಮಾಲಯ ಏಳತೊಡಗಿ ಐದು ಕೋಟಿ ವರ್ಷ ಆಗಿದೆ. ಅಂದರೆ ಬಸ್ ಹತ್ತಿ ಹೋಗಿ ನೋಡಬಹುದಾದ ಈ ಕಲ್ಲು ಹಿಮಾಲಯಕ್ಕಿಂತ ಸುಮಾರು ಅರವತ್ತು ಪಟ್ಟು ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಕ್ಕಳನ್ನು ಫಲಪುಷ್ಪ ಪ್ರದರ್ಶನಕ್ಕೆ ಕರೆದೊಯ್ಯುವವರು ಗಾಜಿನ ಮನೆಯಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ಈ ಬಂಡೆಯನ್ನೂ ಮುಟ್ಟಿಸಿ ಬರಲಿ ಎಂಬುದು ನನ್ನ ಆಸೆ. ಕೈಗೆಟಕುವ ವಸ್ತುಗಳಲ್ಲಿ ಇದಕ್ಕಿಂತ ಹಳೆಯದು ಅವರಿಗೆ ಸುಲಭವಾಗಿ ಸಿಗಲಾರದು.

ಶಾರ್ಕ್ ಮೀನುಗಳು ಮರಗಳಿಗಿಂತ ಮೊದಲಿನವು. ಶಾರ್ಕ್ ಕುಲಕ್ಕೆ 40 ಕೋಟಿ ವರ್ಷಕ್ಕೂ ಮೀರಿದ ಇತಿಹಾಸವಿದೆ. ಭೂಮಿಯ ಮೇಲೆ ಮೊದಲ ಮರಗಳು ನಿಂತದ್ದು 38–39 ಕೋಟಿ ವರ್ಷಗಳ ಹಿಂದೆ.

ಮಕ್ಕಳ ಚಿತ್ರಪುಸ್ತಕಗಳಲ್ಲಿ ಬೆನ್ನ ಮೇಲೆ ಹಲಗೆಗಳಿರುವ ಸ್ಟೆಗೊಸಾರಸ್, ದೊಡ್ಡ ದವಡೆಯ ಟೈರನೊಸಾರಸ್ ಎದುರುಬದುರು ನಿಂತಿರುತ್ತವೆ. ಅವು ಒಂದನ್ನೊಂದು ಕಂಡಿದ್ದೇ ಇಲ್ಲ. ಸ್ಟೆಗೊಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಟೈರನೊಸಾರಸ್ ಏಳು ಕೋಟಿಗಿಂತಲೂ ಈಚೆಗೆ. ಎರಡರ ನಡುವಿನ ಅಂತರ, ನಮಗೂ ಟೈರನೊಸಾರಸ್‌ಗೂ ಇರುವ ಅಂತರಕ್ಕಿಂತ ಹೆಚ್ಚು.

ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಕೆಡವಿದ್ದು ಮಹಾರಾಷ್ಟ್ರದ ಪಿಸ್‌ದುರಾ ಎಂಬ ಊರಿನ ಬಳಿ ಸಿಕ್ಕ, ಕಲ್ಲಾಗಿಹೋದ ಡೈನೋಸಾರ್ ಲದ್ದಿ. ಅದನ್ನು ಪುಡಿಮಾಡಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಹುಲ್ಲಿನ ಎಲೆಗಳಲ್ಲಿ ಇರುವಂಥ ಸಿಲಿಕಾ ಕಣಗಳು ಕಂಡವು. ವಂದನಾ ಪ್ರಸಾದ್ ಮತ್ತು ಸಂಗಡಿಗರು ಇದನ್ನು 2005ರಲ್ಲಿ ಪ್ರಕಟಿಸಿದರು. ಆ ಬಗೆಯ ಕಣಗಳಲ್ಲಿ ಭತ್ತದ ಬಳಗಕ್ಕೆ ಸೇರಿದವೂ ಇದ್ದವೆಂದು 2011ರಲ್ಲಿ ತಿಳಿಯಿತು. ನಮ್ಮ ಅನ್ನದ ದೂರದ ಪೂರ್ವಜರನ್ನು ಡೈನೋಸಾರ್‌ಗಳು ಮೇಯ್ದಿದ್ದವು! ಆಗ ಭಾರತ ಸಮುದ್ರದ ನಡುವೆ ತೇಲುತ್ತಾ ಉತ್ತರಕ್ಕೆ ಸಾಗುತ್ತಿದ್ದ ಭೂಖಂಡ. ಅದರ ಪಶ್ಚಿಮ ಭಾಗ ಬಿರಿದು ಲಾವಾ ಹರಿದದ್ದೂ ಅದೇ ಕಾಲಕ್ಕೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಎರೆಭೂಮಿಯ ಬಹುಪಾಲು ಆ ಲಾವಾ ಆರಿ ಕಲ್ಲಾಗಿ, ಸವೆದು ಆದ ಮಣ್ಣು. ಬಿಳಿಜೋಳ ಬೆಳೆಯುವ ಹೊಲಕ್ಕೆ ಡೈನೋಸಾರ್‌ಗಳ ಕಡೆಗಾಲದ ಕಥೆಯೊಂದು ಸೇರಿಕೊಂಡಿದೆ.

ಭಾರತ ಹೀಗೆ ಬೇರೆ ನೆಲಗಳಿಂದ ಬಿಡಿಸಿಕೊಂಡು ಬಂದದ್ದಕ್ಕೆ ಕೇರಳದ ಇಡುಕ್ಕಿಯ ನೇರಳೆ ಕಪ್ಪೆ ಜೀವಂತ ಸಾಕ್ಷಿ. ಮೂತಿ ಚೂಪಾದ ಈ ದಪ್ಪ ಕಪ್ಪೆ ವರ್ಷವಿಡೀ ಮಣ್ಣೊಳಗಿದ್ದು, ಮಳೆ ಶುರುವಾದಾಗ ಕೆಲವೇ ದಿನ ಹೊರಗೆ ಬರುತ್ತದೆ. ವಿಜ್ಞಾನ ಲೋಕಕ್ಕೆ ಅದರ ಪರಿಚಯ ಆದದ್ದು 2003ರಲ್ಲಿ. ಅದರ ಹತ್ತಿರದ ನಂಟರು ಇರುವುದು ಸುಮಾರು ಮೂರು ಸಾವಿರ ಕಿ.ಮೀ. ದೂರದ ಸೆಶೆಲ್ಸ್ ದ್ವೀಪಗಳಲ್ಲಿ. ಕಪ್ಪೆಗೆ ಉಪ್ಪುನೀರು ಆಗದು, ಸಮುದ್ರ ದಾಟಿ ಹೋಗಿರಲಾರದು. ಎರಡೂ ನೆಲಗಳು ಒಂದಾಗಿದ್ದ ಕಾಲದ ನಂಟು ಅದು.

ಡಬ್ಬಿಯಲ್ಲಿ ಆಹಾರ ತುಂಬಿಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ. ಡಬ್ಬಿ ತೆರೆಯುವ ಸಾಧನ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆ!

ತಂತಿಯ ಮೂಲಕ ಚಿತ್ರ ಕಳಿಸುವ ಫ್ಯಾಕ್ಸ್ ತಂತ್ರಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1843ರಲ್ಲೇ ಪೇಟೆಂಟ್ ಪಡೆದ. ಟೆಲಿಫೋನಿನ ಪೇಟೆಂಟ್ 1876ರದು.

ಹೀಲಿಯಂ ಭೂಮಿಯಲ್ಲಿ ಸಿಗುವ ಮೊದಲು ಸೂರ್ಯನಲ್ಲಿ ಸಿಕ್ಕಿತು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಆಂಧ್ರದ ಗುಂಟೂರಿಗೆ ಬಂದಿದ್ದ. ಆ ಗ್ರಹಣದಲ್ಲಿ ಸೂರ್ಯನ ಬೆಳಕನ್ನು ಒಡೆದು ನೋಡಿದವರಿಗೆ ಗೊತ್ತಿದ್ದ ಯಾವ ಧಾತುವಿಗೂ ಹೊಂದದ ಹಳದಿ ಗೆರೆ ಕಂಡಿತು. ಅದೇ ಅನಿಲವನ್ನು ಬ್ರಿಟನ್ನಿನ ರಸಾಯನ ವಿಜ್ಞಾನಿ ರಾಮ್ಸೆ ಭೂಮಿಯ ಖನಿಜವೊಂದರಲ್ಲಿ ಹಿಡಿದದ್ದು 27 ವರ್ಷಗಳ ನಂತರ, 1895ರಲ್ಲಿ.

ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪಗಳು ಹತ್ತಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ.

ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ ಎಂದು ಎಷ್ಟೋ ಪುಸ್ತಕಗಳಲ್ಲಿದೆ. ಕೇಳಲು ಸೊಗಸು, ಆದರೆ ಇದು ಎರಡು ಪಂಚಾಂಗ ಬೆರೆಸಿ ಮಾಡಿದ ಲೆಕ್ಕ. ಗೆಲಿಲಿಯೊನ ಇಟಲಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. ಅಲ್ಲಿ ಅವನ ಸಾವು 1642ರ ಜನವರಿ 8. ಇಂಗ್ಲೆಂಡ್ ಹಳೆಯದನ್ನೇ ಹಿಡಿದು ಕೂತಿತ್ತು. ಅಲ್ಲಿ ನ್ಯೂಟನ್ ಹುಟ್ಟಿದ್ದು 1642ರ ಕ್ರಿಸ್ಮಸ್ ದಿನ, ಹೊಸ ಕ್ಯಾಲೆಂಡರಿನಲ್ಲಿ ಅದು 1643ರ ಜನವರಿ 4. ಕ್ಯಾಲೆಂಡರ್ ಬದಲಾದ ರಾತ್ರಿಯ ಕಥೆ ಇನ್ನೂ ವಿಚಿತ್ರ. ಸ್ಪೇನಿನ ಸಂತ ತೆರೇಸಾ 1582ರ ಅಕ್ಟೋಬರ್ 4ರ ರಾತ್ರಿ ತೀರಿಕೊಂಡರು, ಮರುದಿನವೇ ಮಣ್ಣು ಮಾಡಿದರು. ಆ ಮರುದಿನದ ತಾರೀಖು ಅಕ್ಟೋಬರ್ 15.

ಒಂದೇ ವರ್ಷದೊಳಗೆ ಎರಡು ಯುಗಗಳು ಎದುರಾದದ್ದನ್ನು ನೋಡಬೇಕಾದರೆ 1977ಕ್ಕೆ ಬನ್ನಿ. ಸೆಪ್ಟೆಂಬರ್ 5ರಂದು ಅಮೆರಿಕ ವಾಯೇಜರ್–1 ನೌಕೆಯನ್ನು ಹಾರಿಸಿತು. ಐದೇ ದಿನಗಳ ನಂತರ, ಸೆಪ್ಟೆಂಬರ್ 10ರಂದು, ಫ್ರಾನ್ಸಿನ ಮಾರ್ಸೇ ಜೈಲಿನಲ್ಲಿ ಅಪರಾಧಿಯೊಬ್ಬನ ತಲೆಯನ್ನು ಗಿಲೋಟಿನ್ ಯಂತ್ರದಿಂದ ಕಡಿಯಲಾಯಿತು. ಫ್ರೆಂಚ್ ಕ್ರಾಂತಿಯೊಂದಿಗೆ ಮುಗಿದೇಹೋಯಿತೆಂದು ನಾವು ತಿಳಿದಿದ್ದ ಯಂತ್ರ! ಅದೇ ಅದರ ಕಡೆಯ ಬಳಕೆ. 1981ರಲ್ಲಿ ಫ್ರಾನ್ಸ್ ಮರಣದಂಡನೆಯನ್ನೇ ತೆಗೆದುಹಾಕಿತು.

ಆ ವಾಯೇಜರ್‌ನಲ್ಲಿ ಚಿನ್ನದ ಲೇಪವಿರುವ ಒಂದು ಧ್ವನಿಮುದ್ರಿಕೆ ಇದೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತವರ ತಂಡ ಸಿದ್ಧಪಡಿಸಿದ ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ಅದೇ. 2012ರಲ್ಲೇ ಅದು ನಕ್ಷತ್ರಗಳ ನಡುವಿನ ಬಯಲನ್ನು ಹೊಕ್ಕಿದೆ, ಕನ್ನಡವೂ ಹೊಕ್ಕಿದೆ. ನಮ್ಮ ಹೆಮ್ಮೆಯ ಪಟ್ಟಿಯಲ್ಲಿ ಇದು ಏಕೆ ಮೇಲೆ ಬಂದಿಲ್ಲವೋ! ಅದೇ ಮುದ್ರಿಕೆಯಲ್ಲಿ ಭಾರತದಿಂದ ಆಯ್ದ ಸಂಗೀತ ಗೋವೆಯ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ವಾಯೇಜರ್–1 ಹೊರಟ ಹನ್ನೊಂದನೆಯ ದಿನ, ಸೆಪ್ಟೆಂಬರ್ 16ರಂದು, ಆ ಮಹಾಗಾಯಕಿ ತೀರಿಕೊಂಡರು.

ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದು 1971ರಲ್ಲಿ. ಇಂದಿರಾ ಗಾಂಧಿ ಪ್ರಧಾನಿಯಾಗಿ ಆಗಲೇ ಐದು ವರ್ಷ ಕಳೆದಿತ್ತು. ಭಾರತದ ಹೆಂಗಸರು 1951–52ರ ಮೊದಲ ಮಹಾಚುನಾವಣೆಯಲ್ಲೇ ಗಂಡಸರಿಗೆ ಸಮನಾಗಿ ಮತ ಹಾಕಿದ್ದರು, 1962ರ ಹೊತ್ತಿಗೆ ಮೈಸೂರಿನ ಕಾರ್ಖಾನೆಯ ಅಳಿಸದ ಶಾಯಿಯನ್ನು ಬೆರಳಿಗೆ ಹಚ್ಚಿಸಿಕೊಂಡಿದ್ದರು. ಅಪೆನ್‌ಸೆಲ್ ಇನ್ನರ್‌ರೋಡನ್ ಎಂಬ ಸ್ವಿಸ್ ಪ್ರಾಂತ್ಯವಂತೂ ಸ್ಥಳೀಯ ಮತದಾನದ ಹಕ್ಕನ್ನು ಹೆಂಗಸರಿಗೆ ಕೊಟ್ಟದ್ದು 1990ರಲ್ಲಿ, ಅದೂ ನ್ಯಾಯಾಲಯ ಆಜ್ಞೆ ಮಾಡಿದ ಮೇಲೆ.

ಐಫೆಲ್ ಗೋಪುರ ಪೂರ್ಣಗೊಂಡದ್ದು, ನೆಹರೂ ಹುಟ್ಟಿದ್ದು, ನಾಲ್ಕು ದಿನಗಳ ಅಂತರದಲ್ಲಿ ಚಾರ್ಲಿ ಚಾಪ್ಲಿನ್ ಮತ್ತು ಹಿಟ್ಲರ್ ಹುಟ್ಟಿದ್ದು, ಜಪಾನಿನ ನಿಂಟೆಂಡೊ ಕಂಪನಿ ಇಸ್ಪೀಟಿನಂಥ ಎಲೆಗಳನ್ನು ಮಾಡಲು ಅಂಗಡಿ ತೆರೆದದ್ದು, ಎಲ್ಲವೂ 1889ರಲ್ಲೇ.

ಪ್ಲುಟೊವನ್ನು ಕಂಡುಹಿಡಿದದ್ದು 1930ರಲ್ಲಿ, ಗ್ರಹಗಳ ಪಟ್ಟಿಯಿಂದ ಕೈಬಿಟ್ಟದ್ದು 2006ರಲ್ಲಿ. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 248 ವರ್ಷ ಬೇಕು. ನಾವು ಗ್ರಹವೆಂದು ಕರೆದಷ್ಟು ಕಾಲದಲ್ಲಿ ಅದು ಮೂರರಲ್ಲಿ ಒಂದು ಪಾಲು ದಾರಿಯನ್ನೂ ಮುಗಿಸಿರಲಿಲ್ಲ. ನಮ್ಮ ಕಣ್ಣಿಗೆ ಬಿದ್ದ ಮೇಲಿನ ಮೊದಲ ಸುತ್ತು ಪೂರ್ತಿಯಾಗುವುದು 2178ರಲ್ಲಿ.