ಪಾರಿಜಾತದ ಇಬ್ಬರು ತಮ್ಮಣ್ಣ

ಹಾಡು ಬರೆದೋರು ಯಾರು, ಗೆಲ್ಲಿಸಿದೋರು ಯಾರು? ಬ್ಯಾಂಡ್ ಅಭಿಮಾನಿಗಳ ಈ ವಾದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಬಗ್ಗೆ ನಡೆಯುತ್ತೆ. ಗೊಂದಲ ಸಹಜ ಬಿಡಿ, ತಮ್ಮಣ್ಣ ಇಬ್ಬರಿದ್ದಾರೆ. ಆಟ ರಚಿಸಿದವರು ಅಪರಾಳ ತಮ್ಮಣ್ಣ. 19ನೇ ಶತಮಾನದಲ್ಲಿ ಅದನ್ನು ಬೆಳೆಸಿ, ಮೇಳ ಕಟ್ಟಿ ಊರೂರಿಗೆ ಒಯ್ದವರು ಕುಲಗೋಡ ತಮ್ಮಣ್ಣ. ಟಿವಿ ಪಟ್ಟಿಯಲ್ಲಿ ಜಾಗ ಸಾಲಲ್ಲ ಅಂತ ಊರ ಹೆಸರು ಕತ್ತರಿಸಿದ್ರೆ ಒಬ್ಬರ ದುಡಿಮೆ ಇನ್ನೊಬ್ಬರ ಖಾತೆಗೆ ಜಮಾ! ಕತೆಯೇನೋ ಸಣ್ಣದು: ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಗೆ ಸಿಕ್ಕಿತು, ಸತ್ಯಭಾಮೆ ಮುನಿದಳು. ಬೆಳತನಕ ಜನರನ್ನು ಕೂರಿಸಿದ್ದು ಹಾಡು, ದೂತಿಯ ಚೇಷ್ಟೆ. ಗಂಡಸರೇ ಸೀರೆ ಉಡುತ್ತಿದ್ದ ಆ ರಂಗದಲ್ಲಿ ಹೆಣ್ಣಾಗಿಯೇ ನಿಂತು ಗೆದ್ದವರು ನಿಂಗಮ್ಮ. ಹಳೇ ರಸಿಕರ ಮುಂದೆ ಬರೀ ಹಾಗಂದ್ರೆ ತಕ್ಷಣ ತಿದ್ದುತ್ತಾರೆ: ಕೌಜಲಗಿ ನಿಂಗಮ್ಮ.