ಮಂಗನ ಸಾವು: ಗ್ರಾಮಕ್ಕೆ ಮೊದಲ ಎಚ್ಚರಿಕೆ

1957ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು; ಸುತ್ತಲಿನ ಹಳ್ಳಿಗಳ ಜನರೂ ಘೋರವಾದ ಜ್ವರಕ್ಕೆ ತುತ್ತಾದರು. ಇದೇ ಮಂಗನ ಕಾಯಿಲೆ.

ಈ ರೋಗದ ವಿಷಾಣುವನ್ನು ಹರಡತಕ್ಕದ್ದು ಕಾಡಿನ ಉಣುಗು. ಮರಿ ಉಣುಗುಗಳು ಇಲಿ, ಮಂಗ ಮೊದಲಾದವುಗಳ ರಕ್ತವನ್ನು ಹೀರಿ ವಿಷಾಣುವನ್ನು ಪಡೆಯುತ್ತವೆ. ಬೆಳೆದವು ದನಗಳ ರಕ್ತ ಕುಡಿದು ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತವೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುವುದರಿಂದ ಆ ಸ್ಥಳವೇ ಅಪಾಯದ ನೆಲೆಯಾಗುತ್ತದೆ. ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ.

ಹೀಗೆ ಕಾಡು, ದನ, ಮನುಷ್ಯ ಈ ಮೂರರ ಕ್ಷೇಮವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಆರೋಗ್ಯ, ಪಶುವೈದ್ಯ ಮತ್ತು ಅರಣ್ಯ ಇಲಾಖೆಗಳು ಕೂಡಿಯೇ ನಿಗಾ ಇಡಬೇಕಾಗಿದೆ. ಆದರೆ ಮೊದಲ ವರ್ತಮಾನವು ಗ್ರಾಮದಿಂದಲೇ ಹೊರಡಬೇಕು.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ಸಂಗತಿಗಳನ್ನು ಗಮನಿಸತಕ್ಕದ್ದು. ಸತ್ತ ಮಂಗವನ್ನು ಯಾರೂ ಮುಟ್ಟಕೂಡದು. ಅತ್ತ ಜನರನ್ನೂ ದನಗಳನ್ನೂ ಬಿಡಕೂಡದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಶುವೈದ್ಯರಿಗೂ ತಿಳಿಸಬೇಕು. ರೋಗವು ಹೆಚ್ಚಾಗಿ ಕಾಣಿಸುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವ ಆಳುಗಳು ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲವನ್ನು ಲೇಪಿಸಿಕೊಂಡು ಹೋಗಲಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆಗಳನ್ನು ಒಗೆಯಲಿ. ಹಠಾತ್ತಾಗಿ ಜ್ವರ, ತೀವ್ರವಾದ ತಲೆನೋವು, ಮೈಕೈನೋವು ಕಂಡಲ್ಲಿ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು. ಈ ರೋಗಕ್ಕೆಂದೇ ನಿಶ್ಚಿತವಾದ ಔಷಧವಿಲ್ಲ. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಮೃತರಾಗುವುದುಂಟು.

ಮಂಗನ ಸಾವನ್ನು ಅಲಕ್ಷಿಸಿದ ಗ್ರಾಮವು ಮನುಷ್ಯನ ಸಾವಿನಿಂದ ಎಚ್ಚರಗೊಳ್ಳುವಂತಾಗಬಾರದು.