ನೆಲದಡಿಯ ತೈಲಕ್ಕೆ ಸಾರಜನಕದ ಒತ್ತಡ: ಮೆಕ್ಸಿಕೋ ಕಡಲು ಕಲಿಸಿದ ಪಾಠ

ಕಾರವಾರ, ಅಂಕೋಲಾ ತೀರದ ಜನರಿಗೆ ಕಡಲ ಮೇಲೆ ತೇಲುವ ಎಣ್ಣೆ ಅಪರಿಚಿತವಲ್ಲ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಸಮೀಪ ಬಂಡೆಗೆ ಸಿಲುಕಿದಾಗ ಅದರ ಇಂಧನ ತೈಲ ಸೋರಿ ಸಮುದ್ರವನ್ನು ಸೇರಿತ್ತು. ಮುಂಗಾರಿನ ಆಸುಪಾಸಿನಲ್ಲಿ ಡಾಂಬರಿನಂಥ ಕಪ್ಪು ಉಂಡೆಗಳು ದಡಕ್ಕೆ ಬಂದು ಬೀಳುವುದನ್ನೂ ಗೋವಾದಿಂದ ಈಚಿನ ತೀರವಾಸಿಗಳು ಕಂಡಿದ್ದಾರೆ. ನಮ್ಮ ಮೀನುಗಾರನಿಗೆ ಕಡಲ ಮೇಲಿನ ಎಣ್ಣೆಯೆಂದರೆ ನಷ್ಟದ ಗುರುತು.

ದೂರದ ಮೆಕ್ಸಿಕೋ ದೇಶದಲ್ಲಿ ಅದೇ ಗುರುತು ಬೇರೊಂದು ಕಥೆಗೆ ನಾಂದಿ ಹಾಡಿತು. ಕಾಂಪೆಚೆ ಕೊಲ್ಲಿಯ ಮೀನುಗಾರ ರುದೆಸಿಂದೋ ಕಾಂತಾರೆಲ್ ನೀರಿನ ಮೇಲೆ ಎಣ್ಣೆಯ ಕಲೆಗಳನ್ನು ಕಂಡು, ಆ ಸಂಗತಿಯನ್ನು ಸರ್ಕಾರಿ ತೈಲ ಸಂಸ್ಥೆ ಪೆಮೆಕ್ಸ್‌ಗೆ ತಿಳಿಸಿದ. 1976ರಲ್ಲಿ ಅಲ್ಲಿ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರಗಳಲ್ಲೊಂದು ಪತ್ತೆಯಾಯಿತು. ಅದಕ್ಕೆ ಆ ಮೀನುಗಾರನ ಹೆಸರನ್ನೇ ಇಡಲಾಯಿತು. ಕಾಲು ಶತಮಾನದ ಬಳಿಕ ಅದೇ ಕಾಂತಾರೆಲ್ ಕ್ಷೇತ್ರ ಮತ್ತೊಂದು ಕಾರಣಕ್ಕೆ ಹೆಸರಾಯಿತು. ನೆಲದಡಿಯ ತೈಲವನ್ನು ಹೊರದೂಡಲು ಸಾರಜನಕ ಅನಿಲವನ್ನು ತುಂಬುವ ಜಗತ್ತಿನ ಅತಿ ದೊಡ್ಡ ಯೋಜನೆ ಅಲ್ಲಿ ಆರಂಭವಾಯಿತು. ಕಚ್ಚಾತೈಲದ ಶೇ. 85ಕ್ಕೂ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುವ ನಮ್ಮ ದೇಶ, ಹಳೆಯ ಬಾವಿಗಳಿಂದ ಇನ್ನಷ್ಟು ತೈಲ ತೆಗೆಯುವ ದಾರಿಗಳನ್ನು ಹುಡುಕುತ್ತಿರುವಾಗ ಆ ಯೋಜನೆಯ ಏಳುಬೀಳುಗಳನ್ನು ಅರಿಯುವುದು ಅಗತ್ಯ.

ನಮ್ಮ ನೆಲದಡಿ ತೈಲವಿದೆಯೇ?

ದಡಕ್ಕೆ ಬರುವ ಕಪ್ಪು ಉಂಡೆಗಳನ್ನು ನೋಡಿ ನಮ್ಮ ಕಡಲಿನಡಿಯಲ್ಲೂ ತೈಲವಿರಬಹುದೆಂದು ಊಹಿಸುವುದು ಸಹಜ. ಆದರೆ ಗೋವಾ ತೀರದ ಉಂಡೆಗಳನ್ನು ಪರೀಕ್ಷಿಸಿದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಟ್ಯಾಂಕರ್ ಹಡಗುಗಳನ್ನು ತೊಳೆದು ಚೆಲ್ಲಿದ ಕೊಳೆ ಹಾಗೂ ಮುಂಬೈ ಹೈ ಕ್ಷೇತ್ರದ ತೈಲದತ್ತ ಬೊಟ್ಟು ಮಾಡಿದ್ದಾರೆ. ಉತ್ತರ ಕನ್ನಡದ ಬೆಟ್ಟಗಳು ಗ್ರಾನೈಟ್ ಜಾತಿಯ ಅತಿ ಪುರಾತನ ಗಟ್ಟಿ ಶಿಲೆಗಳಿಂದಾದವು. ತೈಲವಾದರೋ, ಹಳೆಯ ಕಾಲದ ಕಡಲತಳದಲ್ಲಿ ಮಣ್ಣು, ಮರಳು, ಚಿಪ್ಪುಗಳು ಪದರಪದರವಾಗಿ ಕೂಡಿ ಕಲ್ಲಾದ ಪದರಶಿಲೆಗಳಲ್ಲಿ ಹುಟ್ಟುವಂಥದು. ನಮ್ಮ ಕರಾವಳಿಯಾಚೆ ಕೇರಳ-ಕೊಂಕಣ ಎಂದು ಹೆಸರಿಸಲಾದ ಪದರಶಿಲೆಯ ವಲಯವಿದೆಯಾದರೂ ಅಲ್ಲಿ ಇದುವರೆಗೆ ವಾಣಿಜ್ಯ ಪ್ರಮಾಣದ ತೈಲ ದೊರೆತಿಲ್ಲ.

ಕರ್ನಾಟಕದ ಕರಾವಳಿಯಲ್ಲಿ ನೆಲದಡಿ ಕಚ್ಚಾತೈಲ ಇರುವುದು ಮನುಷ್ಯ ಕೊರೆದ ಗುಹೆಗಳಲ್ಲಿ. ಆಪತ್ಕಾಲಕ್ಕೆಂದು ತೈಲವನ್ನು ಕೂಡಿಡಲು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯದ ಗುಹೆಗಳನ್ನು ಗಟ್ಟಿ ಬಂಡೆಯಲ್ಲಿ ನಿರ್ಮಿಸಲಾಗಿದೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರಿನ ಒತ್ತಡವೇ ತೈಲ ಹೊರಗೆ ಸೋರದಂತೆ ತಡೆಯುತ್ತದೆ. ತೈಲ ತುಂಬುವ ಮುನ್ನ ಗುಹೆಯೊಳಗಿನ ಆಮ್ಲಜನಕವನ್ನು ತಗ್ಗಿಸಿ ಬೆಂಕಿಯ ಭಯವನ್ನು ನಿವಾರಿಸಲು ಸಾರಜನಕ ಹರಿಸುವುದು ಇಂಥ ಸಂಗ್ರಹಾಗಾರಗಳ ರೂಢಿ. ಗುಹೆಯೆಂದರೆ ದೊಡ್ಡದೊಂದು ತೊಟ್ಟಿ. ತುಂಬಿದ್ದನ್ನು ಬಹುಪಾಲು ಪಂಪ್ ಮಾಡಿ ಮರಳಿ ಪಡೆಯಬಹುದು.

ಪ್ರಕೃತಿಯ ತೈಲನಿಕ್ಷೇಪ ಹಾಗಲ್ಲ. ಅಲ್ಲಿ ಕೆರೆಯೂ ಇಲ್ಲ, ತೊಟ್ಟಿಯೂ ಇಲ್ಲ. ನಮ್ಮ ಚಿರೇಕಲ್ಲಿನ ಬಾವಿಯ ಗೋಡೆಯನ್ನು ನೆನೆಯಿರಿ. ಮಳೆಗಾಲದಲ್ಲಿ ನೀರು ಕುಡಿದ ಕಲ್ಲು, ಮಳೆ ನಿಂತ ಮೇಲೂ ವಾರಗಟ್ಟಲೆ ಒಸರುತ್ತಿರುತ್ತದೆ; ಕಲ್ಲನ್ನು ಹಿಂಡಿ ಎಲ್ಲ ನೀರನ್ನೂ ಒಮ್ಮೆಗೆ ತೆಗೆಯಲಾಗದು. ಸಾವಿರಾರು ಅಡಿ ಆಳದಲ್ಲಿ ಮರಳುಗಲ್ಲು ಅಥವಾ ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತೈಲ ಹೀಗೆಯೇ ಅಂಟಿಕೊಂಡಿರುತ್ತದೆ.

ಒತ್ತಡವೇ ಮೂಲಧನ

ಹೊಸ ಬಾವಿಯಿಂದ ತೈಲ ತಾನಾಗಿ ಚಿಮ್ಮಲು ಕಾರಣ ನೆಲದಾಳದ ಒತ್ತಡ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಒಳಗಿನ ಅನಿಲ ಪಾನೀಯವನ್ನು ನೊರೆನೊರೆಯಾಗಿ ಮೇಲಕ್ಕೆ ತರುವಂತೆ, ತೈಲದಲ್ಲಿ ಕರಗಿರುವ ಅನಿಲ ಅದನ್ನು ಬಾವಿಯತ್ತ ನೂಕುತ್ತದೆ. ತೈಲ ಹೊರಬಂದಂತೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಂತೆ ಬಾವಿ ಸೊರಗುತ್ತದೆ. ಈ ಸಹಜ ಬಲದಿಂದಷ್ಟೇ ದೊರೆಯುವುದು ಸಾಮಾನ್ಯವಾಗಿ ನಿಕ್ಷೇಪದ ಹತ್ತರಲ್ಲೊಂದು ಪಾಲು. ನೀರು ಅಥವಾ ಅನಿಲವನ್ನು ಒಳತುಂಬಿ ಒತ್ತಡ ಕಾಯ್ದುಕೊಂಡರೆ ಈ ಪ್ರಮಾಣ ಶೇ. 20ರಿಂದ 40ರವರೆಗೆ ಏರಬಹುದು. ಅಷ್ಟಾದರೂ ಅರ್ಧಕ್ಕಿಂತ ಹೆಚ್ಚು ತೈಲ ಕಲ್ಲಿನಲ್ಲೇ ಉಳಿಯುತ್ತದೆ. ಆ ಉಳಿಕೆಯನ್ನು ಬಿಡಿಸಲು ಬಿಸಿ ಹಬೆ, ರಾಸಾಯನಿಕಗಳು, ಇಂಗಾಲದ ಡೈಆಕ್ಸೈಡ್ ಮುಂತಾದವನ್ನು ಬಳಸುವ ವಿಧಾನಗಳಿವೆ. ಸಾರಜನಕ ಅವುಗಳ ಪೈಕಿ ಒಂದು.

ಸಾರಜನಕವೇ ಏಕೆ?

ಮೊದಲ ಕಾರಣ, ಅದು ಎಲ್ಲೆಡೆ ಇದೆ. ನಾವು ಉಸಿರಾಡುವ ಗಾಳಿಯಲ್ಲಿ ಅದರ ಪಾಲು ಶೇ. 78. ಗಾಳಿಯನ್ನು ಅತಿಯಾಗಿ ತಂಪುಗೊಳಿಸಿ ದ್ರವವಾಗಿಸಿದರೆ, ಸಾರಜನಕ ಮೈನಸ್ 196 ಡಿಗ್ರಿಯಲ್ಲಿಯೂ ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಕುದಿಯುವುದರಿಂದ ಇವೆರಡನ್ನೂ ಬೇರ್ಪಡಿಸಬಹುದು. ಎರಡನೆಯದಾಗಿ, ಅದು ಜಡ ಅನಿಲದಂತೆ ವರ್ತಿಸುತ್ತದೆ. ಗಾಳಿಯನ್ನೇ ನೇರವಾಗಿ ತುಂಬಿದರೆ ಅದರಲ್ಲಿನ ಆಮ್ಲಜನಕ ತೈಲಕ್ಕೆ ಬೆಂಕಿ ತಗುಲಿಸಬಲ್ಲದು, ಕಬ್ಬಿಣದ ಕೊಳವೆಗಳಿಗೆ ತುಕ್ಕು ಹಿಡಿಸಬಲ್ಲದು. ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಬೆರೆತು ಆಮ್ಲವಾಗುತ್ತದೆ. ಸಾರಜನಕಕ್ಕೆ ಈ ದೋಷಗಳಿಲ್ಲ. ಮೂರನೆಯದಾಗಿ, ಮಾರಬಹುದಾದ ನೈಸರ್ಗಿಕ ಅನಿಲವನ್ನು ಮತ್ತೆ ನೆಲಕ್ಕೆ ತುಂಬುವ ಬದಲು ಗಾಳಿಯಿಂದ ಪಡೆದದ್ದನ್ನು ತುಂಬುವುದು ಲಾಭಕರ.

ಕೆಲಸ ನಡೆಯುವುದು ಹೀಗೆ: ನಿಕ್ಷೇಪದ ಮೇಲ್ಭಾಗಕ್ಕೆ ಸಾರಜನಕವನ್ನು ಒತ್ತಿದಾಗ ಅದು ತೈಲದ ಮೇಲೆ ಟೋಪಿಯಂತೆ ಕೂರುತ್ತದೆ. ಹಗುರವಾದ ಅನಿಲ ಮೇಲಿನಿಂದ ಕೆಳಗೆ ಒತ್ತಿದಂತೆ ತೈಲ ತನ್ನ ಭಾರದಿಂದಲೇ ಕೆಳಗಿಳಿದು ಬಾವಿಗಳನ್ನು ಸೇರುತ್ತದೆ. ಬಹು ಆಳದಲ್ಲಿ, ಅಧಿಕ ಒತ್ತಡದಲ್ಲಿ, ತಿಳಿಯಾದ ತೈಲವಿದ್ದರೆ ಸಾರಜನಕ ಅದರೊಡನೆ ಬೆರೆತು ಕಲ್ಲಿನಿಂದ ಬಿಡಿಸಲೂಬಲ್ಲದು. ಅಮೆರಿಕದ ಫ್ಲಾರಿಡಾ-ಅಲಬಾಮಾ ಗಡಿಯ ಜೇ ತೈಲಕ್ಷೇತ್ರದಲ್ಲಿ 1980ರ ದಶಕದ ಆರಂಭದಿಂದ ಈ ಪ್ರಯೋಗ ನಡೆಯಿತು.

ದೋಷವೂ ಉಂಟು. ಅನಿಲ ತೈಲಕ್ಕಿಂತ ಬಹಳ ತೆಳು. ಬಿರುಕು ಸಿಕ್ಕಲ್ಲಿ ತೈಲವನ್ನು ಹಿಂದಿಕ್ಕಿ ನೇರವಾಗಿ ಬಾವಿಗೆ ನುಗ್ಗುತ್ತದೆ. ಆಗ ಬಾವಿಯಿಂದ ತೈಲದ ಬದಲು ತುಂಬಿದ ಸಾರಜನಕವೇ ಹಿಂದಿರುಗುತ್ತದೆ.

ಕಾಂತಾರೆಲ್: ಏರಿಕೆ ಮತ್ತು ಇಳಿಕೆ

1990ರ ದಶಕದ ನಡುವೆ ಕಾಂತಾರೆಲ್ ಕ್ಷೇತ್ರದ ಒತ್ತಡ ಕುಗ್ಗುತ್ತಿತ್ತು. ಪೆಮೆಕ್ಸ್ ದಡದಲ್ಲಿ ಬೃಹತ್ ಸಾರಜನಕ ಸ್ಥಾವರವನ್ನು ಕಟ್ಟಿಸಿ, ಕೊಳವೆ ಮಾರ್ಗದ ಮೂಲಕ ಕಡಲಾಚೆಯ ಬಾವಿಗಳಿಗೆ ಅನಿಲ ಒಯ್ದಿತು. 2000ದಲ್ಲಿ ಕೆಲಸ ಆರಂಭವಾದಾಗ ಸ್ಥಾವರದ ಸಾಮರ್ಥ್ಯ ದಿನಕ್ಕೆ 120 ಕೋಟಿ ಘನ ಅಡಿ. ಹೊಸ ಬಾವಿಗಳನ್ನೂ ಕೊರೆಯಲಾಯಿತು. ಫಲ ಬೆರಗು ಹುಟ್ಟಿಸುವಂತಿತ್ತು. ದಿನಕ್ಕೆ 12 ಲಕ್ಷ ಬ್ಯಾರೆಲ್‌ಗಳ ಆಸುಪಾಸಿನಲ್ಲಿದ್ದ ಉತ್ಪಾದನೆ 2004ರಲ್ಲಿ ಸುಮಾರು 21 ಲಕ್ಷಕ್ಕೆ ಏರಿತು. ಒಂದು ಬ್ಯಾರೆಲ್ ಎಂದರೆ 159 ಲೀಟರ್.

ಅದೇ ಶಿಖರವೂ ಆಯಿತು. ಮೇಲಿನಿಂದ ಅನಿಲದ ಟೋಪಿ ಕೆಳಗಿಳಿಯಿತು, ಕೆಳಗಿನಿಂದ ನೀರು ಮೇಲೇರಿತು. ನಡುವಿನ ತೈಲದ ಪದರ ತೆಳುವಾಗುತ್ತ ಬಂತು. 2008ರಲ್ಲಿ ಉತ್ಪಾದನೆ 10 ಲಕ್ಷ ಬ್ಯಾರೆಲ್‌ಗಳ ಮಟ್ಟಕ್ಕೆ, 2009ರಲ್ಲಿ 7 ಲಕ್ಷಕ್ಕಿಂತ ಕೆಳಕ್ಕೆ ಕುಸಿಯಿತು. ಈಗ ಅದು 2 ಲಕ್ಷವನ್ನೂ ಮುಟ್ಟುವುದಿಲ್ಲ. ತೈಲದೊಡನೆ ಬರುತ್ತಿದ್ದ ನೈಸರ್ಗಿಕ ಅನಿಲದಲ್ಲಿ ಸಾರಜನಕ ಬೆರೆತು ಅದು ಮಾರಾಟಕ್ಕೆ ಒದಗದೆ, ಅಪಾರ ಪ್ರಮಾಣವನ್ನು ಕಡಲ ಮೇಲೆಯೇ ಸುಡಬೇಕಾಯಿತು.

ಸಾರಜನಕವೇ ಕ್ಷೇತ್ರವನ್ನು ಕೆಡಿಸಿತೆಂದು ಹೇಳುವುದು ನ್ಯಾಯವಲ್ಲ. ಅದು ತನ್ನ ಕೆಲಸವನ್ನು ಮಾಡಿತು, ಒತ್ತಡವನ್ನು ಕಾಯ್ದುಕೊಟ್ಟಿತು. ಆದರೆ ಅದು ಕೊಟ್ಟದ್ದು ಒತ್ತಡವನ್ನೇ ಹೊರತು ಹೊಸ ತೈಲವನ್ನಲ್ಲ. ಹತ್ತಾರು ವರ್ಷಗಳಲ್ಲಿ ಬರಬೇಕಾಗಿದ್ದ ತೈಲದ ದೊಡ್ಡ ಪಾಲು ಕೆಲವೇ ವರ್ಷಗಳಲ್ಲಿ ಬಂದುಹೋಯಿತು. ಏರಿಕೆಯ ವರ್ಷಗಳನ್ನೇ ಶಾಶ್ವತವೆಂದು ನಂಬಿದ ಬೊಕ್ಕಸಕ್ಕೆ ಇಳಿಕೆ ಆಘಾತವಾಯಿತು.

ಭಾರತದ ದಾರಿ

ನಮ್ಮಲ್ಲಿ 1974ರಲ್ಲಿ ಪತ್ತೆಯಾದ ಮುಂಬೈ ಹೈ ಕ್ಷೇತ್ರದಲ್ಲಿ 1984ರಿಂದ ಕಡಲ ನೀರನ್ನೇ ಸಂಸ್ಕರಿಸಿ ಒಳತುಂಬಲಾಗುತ್ತಿದೆ. ಗುಜರಾತಿನ ಮೆಹಸಾಣಾ ಬಳಿಯ ಬಲೋಲ್, ಸಾಂಥಲ್ ಕ್ಷೇತ್ರಗಳಲ್ಲಿ ಬೇಕೆಂದೇ ಗಾಳಿ ತುಂಬಿ, ನೆಲದಡಿಯಲ್ಲೇ ಸ್ವಲ್ಪ ತೈಲವನ್ನು ಉರಿಸಿ, ಆ ಕಾವಿನಿಂದ ಮಂದ ತೈಲವನ್ನು ಹರಿಯುವಂತೆ ಮಾಡಲಾಗಿದೆ. ರಾಜಸ್ಥಾನದ ಮಂಗಳಾ ಕ್ಷೇತ್ರದಲ್ಲಿ ಪಾಲಿಮರ್ ಬೆರೆಸಿ ಮಂದಗೊಳಿಸಿದ ನೀರನ್ನು ಬಳಸಲಾಗುತ್ತಿದೆ. ಇಂಥ ವಿಧಾನಗಳಿಗೆ ಉತ್ತೇಜನ ನೀಡುವ ನೀತಿಗೆ ಕೇಂದ್ರ ಸಚಿವ ಸಂಪುಟ 2018ರಲ್ಲಿ ಒಪ್ಪಿಗೆ ನೀಡಿತು. ಮುಂಬೈ ಹೈ ಉತ್ಪಾದನೆಯನ್ನು ಹೆಚ್ಚಿಸಲು ಒಎನ್‌ಜಿಸಿ 2025ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯ ತಾಂತ್ರಿಕ ನೆರವು ಪಡೆಯಿತು. ಕಲ್ಲಿನ ಸ್ವಭಾವ, ತೈಲದ ಮಂದತೆ, ಆಳ ಇವುಗಳನ್ನು ಅಳೆದು ನೋಡಿಯೇ ವಿಧಾನವನ್ನು ಆರಿಸಬೇಕಾಗುತ್ತದೆ. ಒಂದೆಡೆ ಫಲಿಸಿದ್ದು ಇನ್ನೊಂದೆಡೆ ಫಲಿಸಲಾರದು.

ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದರಂದು ಬೈತಖೋಲ, ಬೇಲೆಕೇರಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯಲು ಸಜ್ಜಾಗುವಾಗ ಬಲೆಯಷ್ಟೇ ಮುಖ್ಯವಾದದ್ದು ಡೀಸೆಲ್. ತೆರಿಗೆ ವಿನಾಯಿತಿಯ ಡೀಸೆಲ್ ಇದ್ದರೂ ಅದರ ಮೂಲಬೆಲೆ ನಿರ್ಧಾರವಾಗುವುದು ದೂರದ ದೇಶಗಳ ಬಾವಿಗಳಲ್ಲಿ. ಹಳೆಯ ಬಾವಿಗಳಿಂದ ಇನ್ನಷ್ಟು ತೈಲ ದೊರೆತರೆ ದೇಶಕ್ಕೆ ಆ ಮಟ್ಟಿಗೆ ಉಸಿರಾಡಲು ಅವಕಾಶ ಸಿಗುತ್ತದೆ. ಅದನ್ನು ತೈಲದ ಹೊಸ ಸಂಪತ್ತೆಂದು ಎಣಿಸದೆ, ಪರ್ಯಾಯಗಳನ್ನು ಕಟ್ಟಿಕೊಳ್ಳಲು ದೊರೆತ ಕಾಲಾವಕಾಶವೆಂದು ಎಣಿಸುವುದೇ ವಿವೇಕ. ಮೀನುಗಾರನೊಬ್ಬನ ಹೆಸರು ಹೊತ್ತ ಆ ತೈಲಕ್ಷೇತ್ರ ಕಲಿಸಿದ ಪಾಠ ಇಷ್ಟೇ.